ಅರ್ಧ ಕತ್ತರಿಸಿದ ಗಿಡ

ಜನವರಿ ೯

ನನ್ನ ಗುಬ್ಬಿಗೆ ಅಕ್ಕನ ಪ್ರೀತಿ.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಮುನಿಸಿಕೊಂಡಿರುತ್ತೀಯ. ಎರಡರಲ್ಲೂ "ಹೂ ಬಿಟ್ಟಿತಾ?" ಅಂತಲೇ ಕೇಳಿದ್ದೆಯಲ್ಲ, ಏನಂತ ಬರೆಯಲಿ? ಹಿತ್ತಲಲ್ಲಿ ಹೈಡ್ರೇಂಜಿಯಾ ಗಿಡ ನೆಟ್ಟು, "ಮೊದಲ ಹೂ ಬಿಟ್ಟಾಗ ಬರ್ತೀನಿ" ಅಂತ ನೀನು ಹೋಗಿ ನಾಲ್ಕು ವರ್ಷವಾಯಿತು. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು, ಬುಡಕ್ಕೆ ಒಣ ಎಲೆ, ದಿನಾ ಎರಡು ಚೊಂಬು ನೀರು, ಎಲ್ಲ ಮಾಡಿದೆ. ಎಲೆ ಅಂಗೈ ಅಗಲ ಬರುತ್ತದೆ. ಹೂವಿನ ಸುಳಿವೇ ಇಲ್ಲ.

ಕಡೆಗೆ ಮೊನ್ನೆ ಸಸಿ ಮಾರುವ ಅಜ್ಜನನ್ನು ಕರೆತಂದೆ. ನೋಡಿದವನೇ, "ಯಾರಮ್ಮಾ ಇದಕ್ಕೆ ಕ್ರಾಪು ಹೊಡೆದೋರು?" ಅಂದ.

ಇನ್ಯಾರು, ನಿನ್ನ ಭಾವ! ಕ್ಷೌರದ ಅಂಗಡಿ ಮುಚ್ಚಿದರೂ ಕೈ ಸುಮ್ಮನಿರಬೇಕಲ್ಲ. ಚಳಿ ಶುರುವಾದರೆ ಸಾಕು, ಗಿಡದ ಬುಡಕ್ಕೆ ಹಳೇ ಟವೆಲ್ ಸುತ್ತಿ, ಬಾಚಣಿಗೆ ಅಡ್ಡ ಹಿಡಿದು ಸಮನಾಗಿ ಕತ್ತರಿಸುತ್ತಾರೆ. "ಕತ್ತರಿಸಿದಷ್ಟೂ ದಟ್ಟ ಬರುತ್ತೆ ಕಣೇ" ಅನ್ನುವುದು ಬೇರೆ.

ಅಜ್ಜ ಹಣೆ ಚಚ್ಚಿಕೊಂಡ. "ಇದು ಕೂದಲಲ್ಲ ಸ್ವಾಮಿ! ಮುಂದಿನ ಹೂವಿನ ಮೊಗ್ಗು ಈಗಲೇ ಹಳೇ ಕಡ್ಡಿ ತುದೀಲಿ ಕೂತಿರುತ್ತೆ. ವರ್ಷವರ್ಷವೂ ಹೂವನ್ನೇ ಕತ್ತರಿಸಿ ಎಸೆದಿದ್ದೀರಿ."

"ಕತ್ತರಿ ಹಿಡಿಯೋದನ್ನ ಇವನು ನನಗೆ ಕಲಿಸ್ತಾನಾ?" ಅಂತ ಭಾವ ಬುಸುಗುಡುತ್ತ ಒಳಗೆ ಹೋದರು.

ನನಗೆ ಮೈಯೆಲ್ಲ ಉರಿದುಹೋಯಿತು. ಪುಣ್ಯಕ್ಕೆ ಈ ಸಲ ಎಡಗಡೆ ಮಾತ್ರ ಮುಗಿದಿತ್ತು. ಬಲಗಡೆ ಹನ್ನೊಂದು ಮೊಗ್ಗು ಉಳಿದಿವೆ, ಅಜ್ಜ ಬೆರಳಿಟ್ಟು ಎಣಿಸಿದ. ಕೂಡಲೇ ಕತ್ತರಿಯನ್ನು ಹಿಟ್ಟಿನ ಡಬ್ಬಿಯಲ್ಲಿ ಹುದುಗಿಸಿಟ್ಟೆ. ಎರಡು ದಿನದಿಂದ ಮನೆಯೆಲ್ಲ ತಡಕಾಡುತ್ತಿದ್ದಾರೆ. "ಅರ್ಧ ತಲೆ ಕತ್ತರಿಸಿ ಗಿರಾಕೀನ ಎಬ್ಬಿಸಿ ಕಳಿಸ್ತಾರೇನೇ?" ಅಂತ ಒಂದೇ ರಾಗ.

ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಚೆನ್ನಾಗಿರು.

ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಭಾವ ಅಂಗಡಿ ಮುಚ್ಚಿದ್ದು ಸಾಕಾಯಿತೆಂದಲ್ಲ. ಅವರ ಕೈ ನಡುಗುತ್ತದೆ, ಗುಬ್ಬಿ. ಒಬ್ಬ ಗಿರಾಕಿಯ ಕಿವಿಗೆ ಕತ್ತರಿ ತಾಗಿ ರಕ್ತ ಬಂತು. ಆಮೇಲೆ ಆ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಅವರಿಗೆ ಹೆದರದೆ ತಲೆ ಒಡ್ಡುವುದು ಈಗ ಈ ಗಿಡವೊಂದೇ. ಇವತ್ತು ಕಾಗದ ಅಂಟಿಸುವ ಮೊದಲು ಕತ್ತರಿಯ ಹಿಟ್ಟು ಒರೆಸಿ ಅವರ ಕೈಗೇ ಕೊಟ್ಟುಬಿಟ್ಟೆ. ಹಿತ್ತಲಲ್ಲಿ ಕಚಕಚ ಕೇಳುತ್ತಿದೆ. ನೀನು ಹೂವಿಗೆ ಕಾಯಬೇಡ, ಬಂದುಬಿಡು.