ಕೆಂಪು ಕಂಡರೆ ಅಳಿಸಬೇಡಿ

ತೆರೆಮನೆ, ರಾಣೆಬೆನ್ನೂರು
ದುರಸ್ತಿ ಮಾಸದ ಮೂವತ್ನಾಲ್ಕನೇ ದಿನ, ೨೨೧೯

ಪೂಜ್ಯ ಶಕುಂತಲಾ ಅಜ್ಜಿಯವರಿಗೆ,

ನಾವೆಲ್ಲ ಇಲ್ಲಿ ಆರಾಮವಾಗಿದ್ದೇವೆ. ನೀವು ಹೇಗಿದ್ದೀರಿ ಎಂದು ಕೇಳುವುದು ನೂರತೊಂಬತ್ತು ವರ್ಷ ತಡವಾಯಿತು, ಆದರೂ ಕೇಳುತ್ತೇನೆ. ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಈ ಕಾಗದವನ್ನು ಪಕ್ಕಕ್ಕಿಡಬೇಡಿ. ನಿಮಗೀಗ ಮೂವತ್ತೆಂಟು, ನನಗೆ ಐವತ್ತಾರು. ಆದರೂ ನಾನು ನಿಮ್ಮ ತಂಗಿ ಜಯಶ್ರೀಯವರ ಏಳನೇ ತಲೆಮಾರಿನವಳಾದ್ದರಿಂದ ನೀವು ನನಗೆ ಅಜ್ಜಿಯೇ. ಬೇಸರವಾದರೆ ಸಹಿಸಿಕೊಳ್ಳಿ.

ನನ್ನ ಮಾತು ನಿಮಗೆ ಇಸ್ತ್ರಿ ಹಾಕಿದಂತೆ ಕಾಣಬಹುದು, ಅದಕ್ಕೂ ಕ್ಷಮೆ ಇರಲಿ. ನಾವು ಆಡುವುದಕ್ಕೆ ನುಣುಪುಗನ್ನಡ ಎಂದು ಹೆಸರು. ಅದು ಯಂತ್ರಗಳಿಂದ ಕಲಿತ ಭಾಷೆ. ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಸಮ, ಎಲ್ಲೂ ಒಂದು ಉಬ್ಬಿಲ್ಲ, ಒಂದು ತಗ್ಗಿಲ್ಲ. ಯಂತ್ರಗಳು ಕಲಿತದ್ದು ಉಳಿದುಬಂದ ಕಡತಗಳಿಂದ, ಆ ಕಡತಗಳಲ್ಲಿ ನಿಮ್ಮೂರಿನ ಜನರ ಮಾತೇ ಇರಲಿಲ್ಲ. ನುಣುಪುಗನ್ನಡದಲ್ಲಿ ಎಲ್ಲವನ್ನೂ ಹೇಳಬಹುದು. ಯಾರನ್ನಾದರೂ ಬಾಯಿತುಂಬ ಬೈಯಲು ಮಾತ್ರ ಬರುವುದಿಲ್ಲ, ಮುದ್ದು ಮಾಡಲೂ ಅಷ್ಟೇ.

ನಿಮ್ಮ ಕಾಲದ ಮದುವೆ ವಿಡಿಯೋಗಳು ನಮ್ಮಲ್ಲಿ ಸಾವಿರಗಟ್ಟಲೆ ಇವೆ. ಒಂದರಲ್ಲಿಯೂ ಯಾರೂ ಮಾತಾಡುವುದಿಲ್ಲ. ಬಾಯಿ ಆಡುತ್ತದೆ, ಕೇಳುವುದು ಸಿನಿಮಾ ಹಾಡು. ಅಕ್ಕಿಕಾಳು ಹಾಕುವಾಗ ಹಾಡು, ಊಟದ ಪಂಕ್ತಿಯಲ್ಲಿ ಹಾಡು, ಹೆಣ್ಣು ಒಪ್ಪಿಸಿಕೊಡುವಾಗ ಎಲ್ಲರೂ ಅಳುತ್ತಿದ್ದರೂ ಹಾಡು. ನಮ್ಮ ಪಂಡಿತರೊಬ್ಬರು ಇದನ್ನೆಲ್ಲ ನೋಡಿ, ಆ ಕಾಲದ ಜನ ಮದುವೆಯಲ್ಲಿ ಮೌನವ್ರತ ಹಿಡಿಯುತ್ತಿದ್ದರು ಎಂದು ದಪ್ಪ ಪುಸ್ತಕವನ್ನೇ ಬರೆದರು. ನಾನು ಅವರ ಎದುರಿಗೇ ನಕ್ಕೆ. ಅಲ್ಲಿಂದ ನಮ್ಮಿಬ್ಬರಿಗೆ ಮಾತಿಲ್ಲ.

ನಕ್ಕಿದ್ದೇಕೆಂದರೆ ನನ್ನ ಹತ್ತಿರ ನಿಮ್ಮ ಪೆನ್‌ಡ್ರೈವ್ ಇತ್ತು. ಬರುವ ಆಯುಧ ಪೂಜೆಯ ದಿನ ನೀವು ಮದುವೆ ವಿಡಿಯೋ ಜೋಡಿಸುವ ನಿಮ್ಮ ಮಿಕ್ಸಿಂಗ್ ಕಂಪ್ಯೂಟರಿಗೆ ವಿಭೂತಿ ಹಚ್ಚಿ, ಪೂಜೆ ಮುಗಿದ ಮೇಲೆ ಅದನ್ನು ಕುಂಕುಮದ ಭರಣಿಯಲ್ಲಿ ಇಡುತ್ತೀರಿ. ಭರಣಿ ನಿಮ್ಮ ತಂಗಿಯ ಮನೆಗೆ ಹೋಯಿತು, ಅವರ ಮಗಳ ಮನೆಗೆ ಹೋಯಿತು. ಒಳಗಿರುವುದೇನೆಂದು ಗೊತ್ತಿಲ್ಲದೆ ನಾಲ್ಕು ತಲೆಮಾರು ಅದಕ್ಕೆ ಹೂ ಏರಿಸಿತು. ಹಾಗಾಗಿ ಉಳಿಯಿತು. ಬೇರೆ ಯಾವ ರೀತಿಯಲ್ಲಿ ಕಾಪಾಡಿದ್ದರೂ ಉಳಿಯುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಅದರಲ್ಲಿ ವಿಡಿಯೋ ಒಂದೂ ಇರಲಿಲ್ಲ. ಇದ್ದದ್ದು ಪ್ರಾಜೆಕ್ಟ್ ಕಡತಗಳು. ಯಾವ ಕ್ಯಾಮೆರಾ ಕಾರ್ಡಿನ ಯಾವ ತುಣುಕು, ಎಷ್ಟನೇ ಸೆಕೆಂಡಿನಿಂದ ಎಷ್ಟನೇ ಸೆಕೆಂಡಿಗೆ, ಎಂಬ ಪಟ್ಟಿ ಮಾತ್ರ. ಅದರಲ್ಲೇ ನಿಮ್ಮ ಒಂದು ಅಭ್ಯಾಸ ಕಣ್ಣಿಗೆ ಬಿತ್ತು. ಮದುವೆ ಮನೆಯವರು ಬೇಡ ಎಂದದ್ದನ್ನು ನೀವು ಕಿತ್ತು ಎಸೆಯುತ್ತಿರಲಿಲ್ಲ. ಎಲ್ಲಕ್ಕಿಂತ ಕೆಳಗಿನ ಸಾಲಿಗೆ ಸರಿಸಿ, ಆ ಸಾಲಿಗೆ ಹಿತ್ತಲು ಎಂದು ಹೆಸರಿಟ್ಟು, ಧ್ವನಿ ಬಂದ್ ಮಾಡಿ ಇಡುತ್ತಿದ್ದಿರಿ. ಪಕ್ಕದಲ್ಲಿ ಒಂದೊಂದು ಟಿಪ್ಪಣಿ. ಬೀಗರ ಜಗಳ, ಕುರ್ಚಿ ಸಲುವಾಗಿ. ಮದುಮಗ ಆಕಳಿಸಿದ್ದು. ಯಾರೋ ಮುದುಕಿ ಕ್ಯಾಮೆರಾಕ್ಕೆ ನಾಲಿಗೆ ಚಾಚಿದ್ದು. ಇದನ್ನೆಲ್ಲ ಓದುತ್ತ ನಾನು ನಿಮ್ಮನ್ನು ಮೆಚ್ಚಿಕೊಂಡೆ, ಈ ಮಾತನ್ನು ಮುಚ್ಚಿಟ್ಟು ಆಗುವುದೇನಿದೆ.

ಜಯಶ್ರೀಯವರ ಮದುವೆಯ ಹಿತ್ತಲಿನಲ್ಲಿ ನಲವತ್ತೆರಡು ಸೆಕೆಂಡಿನ ಒಂದು ತುಣುಕಿನ ಗುರುತಿದೆ. ಅದರಲ್ಲಿರುವುದು ನಿಮ್ಮ ತಾಯಿ ಹೊನ್ನವ್ವ. ಕ್ಯಾಮೆರಾ ಹಿಡಿದ ಮೆಹಬೂಬನಿಗೆ ಅವರು ಆಡಿದ್ದನ್ನು ನೀವು ಪೂರ್ತಿ ಬರೆದಿಟ್ಟಿದ್ದೀರಿ: "ಏ ಮೆಹಬೂಬಾ, ನನ್ನ ಮಾರಿ ಏನ್ ತಗೀತಿ, ಅತ್ಲಾಗ ಅನ್ನ ಮುಗಿಯಾಕ ಬಂದೈತಿ, ಅದನ್ನ ತಗದು ಅಡಿಗಿಯವ್ರಿಗೆ ತೋರಸು ಹೋಗ. ನಮ್ ಶಕ್ಕು ಎಲ್ಲದಾಳ? ಊಟಾ ಮಾಡ್ಯಾಳೋ ಇಲ್ಲೋ? ಮಂದಿ ಮದುವ್ಯಾಗ ಆಕಿ ಒಂದರ ಫೋಟೋದಾಗ ಕಾಣಂಗಿಲ್ಲ, ತಂಗಿ ಮದುವ್ಯಾಗರ ಬರಬಾರದ?" ಅದರ ಕೆಳಗೆ ನಿಮ್ಮದೇ ಒಂದು ಸಾಲು: "ಬೀಗರು ಬ್ಯಾಡ ಅಂದ್ರು. ಅವ್ವ ನನ್ನ ಕೇಳಾಕತ್ಯಾಳ. ತಗಿಯಂಗಿಲ್ಲ."

ನಮ್ಮ ಸಂಗ್ರಹದಲ್ಲಿ ಉಳಿದಿರುವ ಆ ಮದುವೆಯ ಮೂರು ತಾಸಿನ ಪೂರ್ತಿ ವಿಡಿಯೋದಲ್ಲಿ ಹೊನ್ನವ್ವ ಹದಿನಾಲ್ಕು ಸಲ ಕಾಣುತ್ತಾರೆ, ಹದಿನಾಲ್ಕೂ ಸಲ ಹಾಡು. ಆ ಮದುವೆಯಾದ ಮೇಲೆ ಬಂದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ನನ್ನ ಹೆಸರೂ ಹೊನ್ನವ್ವ. ಆ ಹೆಸರಿನವರ ದನಿ ಹೇಗಿತ್ತೆಂದು ತಿಳಿಯದೆ ಐವತ್ತಾರು ವರ್ಷ ಅದನ್ನು ಹೊತ್ತು ತಿರುಗಿದ್ದೇನೆ. ನನಗೆ ಆ ದನಿ ಬೇಕು. ನಿಮಗೂ ಬೇಕು ಎಂದು ಬಲ್ಲೆ.

ಈಗ ಬರುವ ಆಷಾಢದ ವಿಷಯ. ಆಷಾಢದಲ್ಲಿ ಮದುವೆ ಇಲ್ಲ, ಮಿಕ್ಸಿಂಗ್ ಮಾಡುವವರಿಗೆಲ್ಲ ಕಂಪ್ಯೂಟರ್ ರಿಪೇರಿಗೆ ಅದೊಂದೇ ಪುರುಸೊತ್ತು. ನಿಮ್ಮ ಎಡಿಟಿಂಗ್ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಳೆಯ ಆಪರೇಟಿಂಗ್ ಸಿಸ್ಟಮ್ಮಿನ ಮೇಲೆ ಏಳುವುದಿಲ್ಲ. ಹಳೆಯ ಆವೃತ್ತಿಗೆ ಹೊಸ ಸಿಸ್ಟಮ್ ಒಗ್ಗುವುದಿಲ್ಲ. ಶ್ರಾವಣಕ್ಕೆ ಒಂಬತ್ತು ಮದುವೆ ಒಪ್ಪಿಕೊಂಡಿದ್ದೀರಿ. ಒಂದೇ ದಿನ ಎರಡನ್ನೂ ಬದಲಿಸಿಬಿಡೋಣ ಎಂದು ಕೂರುತ್ತೀರಿ. ಆಮೇಲೆ ಆದದ್ದನ್ನು ಪೆನ್‌ಡ್ರೈವಿನ ಕೊನೆಯ ಕಡತದಲ್ಲಿ ನೀವೇ ಬರೆದಿದ್ದೀರಿ. "ಮಂಗಳವಾರ ಎರಡೂ ಹಾಕಿದೆ. ಹಳೇ ಪ್ರಾಜೆಕ್ಟ್ ತಗದ್ರ ಎಲ್ಲಾ ಕೆಂಪು. ಮೀಡಿಯಾ ಆಫ್‌ಲೈನ್ ಅಂತೈತಿ. ಡಿಸ್ಕ್ ಕೆಟ್ಟೈತಿ ಅಂತ ಗುರುವಾರ ಫಾರ್ಮ್ಯಾಟ್ ಹೊಡದೆ. ಅವ್ವಂದೂ ಹೋತು."

ಅಜ್ಜಿ, ಡಿಸ್ಕ್ ಕೆಟ್ಟಿರಲಿಲ್ಲ.

ಇದನ್ನು ಇಷ್ಟು ಖಚಿತವಾಗಿ ಹೇಳಲು ನನಗೆ ಇಪ್ಪತ್ತೆರಡು ವರ್ಷ ಹಿಡಿಯಿತು. ತೆರೆಮನೆ ಎಂದರೆ ಹಳೆಯ ಕಡತಗಳನ್ನು ಅವು ಹುಟ್ಟಿದ ಯಂತ್ರದಂಥದ್ದೇ ಯಂತ್ರ ಕಟ್ಟಿ ತೆರೆಯುವ ಮನೆ, ನಾನು ಅಲ್ಲಿ ತೆರೆಯುವವಳು. ನಿಮ್ಮ ಹಳೆಯ ಸಿಸ್ಟಮ್ಮನ್ನು ಚೂರುಚೂರೇ ಕೂಡಿಸಿ ಮತ್ತೆ ಕಟ್ಟಿದೆ, ಅದರ ಮೇಲೆ ಹಳೆಯ ಸಾಫ್ಟ್‌ವೇರ್ ಕೂರಿಸಿದೆ, ನಿಮ್ಮದರಂತೆಯೇ ಒಂದು ಡಿಸ್ಕ್ ಮಾಡಿ ಬೇರೆ ಚಿತ್ರಗಳನ್ನು ತುಂಬಿದೆ. ಎಲ್ಲ ಸರಿಯಾಗಿ ಓಡಿತು. ಆಮೇಲೆ ಬೇಕೆಂದೇ ನಿಮ್ಮಂತೆ ಒಂದೇ ದಿನ ಎರಡನ್ನೂ ಬದಲಿಸಿದೆ. ಎಲ್ಲ ಕೆಂಪಾಯಿತು. ಹಳೆಯ ಸಿಸ್ಟಮ್ ನಿಮ್ಮ ಡಿಸ್ಕಿಗೆ ಎಫ್ ಎಂಬ ಅಕ್ಷರ ಕೊಟ್ಟಿತ್ತು, ಹೊಸದು ಜಿ ಎಂದು ಕೊಟ್ಟಿತು. ಸಾಫ್ಟ್‌ವೇರ್ ಎಫ್ ಎಂಬ ಮನೆಗೆ ಹೋಗಿ ಬಾಗಿಲು ತಟ್ಟಿ, ಯಾರೂ ಇಲ್ಲ ಎಂದು ಕೆಂಪು ಬಾವುಟ ಹಿಡಿದು ವಾಪಸು ಬಂದಿತ್ತು. ಮನೆಯವರು ಪಕ್ಕದ ಮನೆಯಲ್ಲಿ ಸುಖವಾಗಿ ಕೂತಿದ್ದರು! ಹೊಸ ದಾರಿ ತೋರಿಸಿದ ಕೂಡಲೇ ಎಲ್ಲ ಚಿತ್ರಗಳೂ ಬಂದವು. ಆ ದಿನ ನಾನು ಕೆಲಸದ ಮೇಜಿನ ಮುಂದೆ ಕೂತು ಮಕ್ಕಳಂತೆ ಅತ್ತೆ. ಇಪ್ಪತ್ತೆರಡು ವರ್ಷದ ಹುಡುಕಾಟದ ಕೊನೆಗೆ ಸಿಕ್ಕಿದ್ದು ಎರಡು ನಿಮಿಷದ ಕೆಲಸ.

ನಿಮ್ಮ ತಪ್ಪನ್ನು ದೊಡ್ಡದು ಮಾಡುತ್ತಿಲ್ಲ. ನಮ್ಮ ಕಾಲದಲ್ಲೂ ಜನ ಅದನ್ನೇ ಮಾಡುತ್ತಾರೆ, ಅದಕ್ಕೇ ಕಾನೂನು ಬಂದಿದೆ. ನಿಮ್ಮ ಆಷಾಢವೇ ನಮ್ಮಲ್ಲಿ ದುರಸ್ತಿ ಮಾಸವಾಗಿದೆ, ಈಗ ಅದಕ್ಕೆ ನಲವತ್ತು ದಿನ. ಆ ದಿನಗಳಲ್ಲಿ ಓಣಿಯ ಬಾಗಿಲು ಕಿಟಕಿಗಳೆಲ್ಲ ಬೀದಿಗೆ ಬರುತ್ತವೆ, ಒಬ್ಬರ ಒಲೆ ಬಿಚ್ಚಿದ್ದರೆ ಪಕ್ಕದ ಮನೆಯಲ್ಲಿ ರೊಟ್ಟಿ ಬೇಯುತ್ತದೆ, ಹೊಲಿಗೆಯವರು ಚಾವಣಿಯ ನೆರಳುಬಟ್ಟೆ ಹೊಲಿಯುತ್ತ ಕಟ್ಟೆ ಮೇಲೆ ಕೂತಿರುತ್ತಾರೆ. ಆದರೆ ಒಂಟಿಕಾಲು ಕಾಯ್ದೆ ಎಂಬುದೊಂದಿದೆ. ಒಂದು ಕಾಲು ಎತ್ತಿದರೆ ಇನ್ನೊಂದು ನೆಲದ ಮೇಲಿರಬೇಕು. ಒಂದನ್ನು ಬದಲಿಸಿ, ಏಳು ದಿನ ಬಳಸಿ ನೋಡಿ, ಆಮೇಲೆ ಇನ್ನೊಂದು. ಜೋಡಿಯಾಗಿಯೇ ಬದಲಿಸಬೇಕಾದ ವಸ್ತುವಾದರೆ ಹಳೆಯದನ್ನು ಪೂರ್ತಿಯಾಗಿ ಪಕ್ಕಕ್ಕಿಟ್ಟು ಹೊಸದನ್ನು ಬೇರೆ ಕಡೆ ಹೂಡಬೇಕು. ಹೋದ ವರ್ಷ ನಮ್ಮ ಓಣಿಯ ಕಲ್ಲನಗೌಡರು ಪಂಪು, ಪೈಪು ಎರಡನ್ನೂ ಒಂದೇ ದಿನ ಬಿಚ್ಚಿದರು. ಜೋಡಿಸಿದ ಮೇಲೆ ನೀರು ಬರಲಿಲ್ಲ, ದೋಷ ಯಾವುದರಲ್ಲಿ ಎಂದು ಪತ್ತೆಯೂ ಆಗಲಿಲ್ಲ. ನಾಲ್ಕು ದಿನ ಇಡೀ ಓಣಿಗೆ ಅವರೇ ನೀರು ಹೊತ್ತರು. ಗೌಡರು ಈಗ ಬಲು ಮೆತ್ತಗಾಗಿದ್ದಾರೆ.

ಕಾಲದಲ್ಲಿ ಹಿಂದಕ್ಕೆ ಕಾಗದ ಕಳಿಸುವುದಕ್ಕೆ ಇಲ್ಲಿ ಹಿಮ್ಮುಖ ಅಂಚೆ ಎನ್ನುತ್ತಾರೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ನನ್ನ ಅರ್ಜಿ ಆರು ಸಲ ವಾಪಸು ಬಂತು. ಯುದ್ಧದ ಬಗ್ಗೆ, ನೀರಿನ ಬಗ್ಗೆ, ಬಿಸಿಲಿನ ಬಗ್ಗೆ ಎಚ್ಚರಿಸುವುದು ಬಿಟ್ಟು ಯಾರೋ ಒಬ್ಬ ಹೆಂಗಸಿನ ನಲವತ್ತೆರಡು ಸೆಕೆಂಡಿಗಾಗಿ ಬರೆಯುತ್ತೀರಾ ಎಂದು ಸಮಿತಿಯವರು ಕೇಳಿದರು. ಆ ದೊಡ್ಡ ಎಚ್ಚರಿಕೆಗಳನ್ನೆಲ್ಲ ಆಗಲೇ ಕಳಿಸಿದ್ದೀರಲ್ಲ, ಯಾರಾದರೂ ಕೇಳಿದರೇ ಎಂದು ನಾನು ತಿರುಗಿ ಕೇಳಿದೆ. ಶಕುಂತಲಾ ಕುಪ್ಪೇಲೂರ ಕೇಳುತ್ತಾರೆ, ಏಕೆಂದರೆ ಇದು ಅವರ ಕೈಯಲ್ಲಿರುವ ಕೆಲಸ, ಅದೂ ಅವರ ಅವ್ವನದು ಎಂದೆ. ಏಳನೇ ಸಲ ಮುದ್ರೆ ಒತ್ತಿದರು.

ನೀವು ಹಳೆಯದಕ್ಕೇ ಅಂಟಿಕೊಂಡು ಕೂರಿ ಎನ್ನುತ್ತಿಲ್ಲ. ಬದಲಿಸಿ, ಶ್ರಾವಣದ ಕೆಲಸ ನಿಲ್ಲಬಾರದು. ಆದರೆ ಆ ಮಂಗಳವಾರದ ಮೊದಲು, ಹಳೆಯ ಸಿಸ್ಟಮ್ ಇನ್ನೂ ಉಸಿರಾಡುತ್ತಿರುವಾಗಲೇ, ಜಯಶ್ರೀಯವರ ಪ್ರಾಜೆಕ್ಟ್ ತೆರೆಯಿರಿ. ಹಿತ್ತಲಿನ ಧ್ವನಿ ಬಿಡಿ, ಮೇಲಿನ ಹಾಡು ಬಂದ್ ಮಾಡಿ. ಅವ್ವನ ತುಣುಕನ್ನು ಬೇರೆಯೇ ಒಂದು ವಿಡಿಯೋ ಮಾಡಿ ಪೆನ್‌ಡ್ರೈವಿಗೆ ಹಾಕಿ. ಅವರು ಹೋದ ಮೇಲೆ ಆ ತುಣುಕನ್ನು ನೀವು ಒಮ್ಮೆಯೂ ಹಚ್ಚಿ ನೋಡಿಲ್ಲವೆಂದು ಕಡತ ಹೇಳುತ್ತದೆ. ಕೈ ಬರುವುದಿಲ್ಲ ಎಂದು ಗೊತ್ತು. ಬರದಿದ್ದರೂ ಮಾಡಿ. ಅಷ್ಟೂ ಆಗದಿದ್ದರೆ, ಕೆಂಪು ಕಂಡ ದಿನ ಡಿಸ್ಕನ್ನು ಮುಟ್ಟದೆ ಕಪಾಟಿನಲ್ಲಿಟ್ಟು ಬೀಗ ಹಾಕಿ. ಕೆಂಪು ಎಂದರೆ ಇಲ್ಲ ಎಂದಲ್ಲ. ದಾರಿ ತಪ್ಪಿದೆ ಎಂದಷ್ಟೇ.

ನನ್ನ ತೆರೆಯ ಮೇಲೆ ನಿಮ್ಮ ಹಿತ್ತಲು ಸಾಲು ಹಾಗೇ ಇದೆ. ನಲವತ್ತೆರಡು ಸೆಕೆಂಡಿನ ಆ ಜಾಗವನ್ನು ಪ್ರತಿದಿನ ಬೆಳಿಗ್ಗೆ ಕೆಲಸಕ್ಕೆ ಕೂರುವ ಮುನ್ನ ಹಚ್ಚಿ ನೋಡುತ್ತೇನೆ. ನೀವು ಅಲ್ಲಿ ಉಳಿಸಿದ ದಿನ ಇಲ್ಲಿ ಚಿತ್ರ ಮೂಡಬೇಕು, ಇವತ್ತೂ ಕೆಂಪೇ ಇತ್ತು. ನಾಳೆ ಹಚ್ಚುತ್ತೇನೆ, ನಾಡಿದ್ದೂ ಹಚ್ಚುತ್ತೇನೆ, ಈ ಕಾಗದ ನಿಮ್ಮ ಕೈ ಸೇರುವವರೆಗೆ ಬಿಡುವವಳಲ್ಲ.

ಕಂಪ್ಯೂಟರಿನ ಗುಂಡಿ ಒತ್ತಿ, ಅಜ್ಜಿ. ನೀವು ಊಟ ಮಾಡಿದಿರೋ ಇಲ್ಲವೋ ಎಂದು ನಿಮ್ಮ ಅವ್ವ ಇನ್ನೂ ಕೇಳುತ್ತಿದ್ದಾರೆ.

ಇಂತಿ ನಿಮ್ಮ ಮನೆಯವಳು,
ಹೊನ್ನವ್ವ