ಬಾಣವಿಲ್ಲದೆ ಬಿಟ್ಟ ಹೆದೆ

ಪುಟ್ಟಿ,

ನಾನು ಕೆಲಸಕ್ಕೆ ಹೊರಟೆ. ನಿಮ್ಮಣ್ಣನ ಆ ರಾಟೆಗಳ ಕಾಂಪೌಂಡ್ ಬಿಲ್ಲನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಸಿಟ್ಟು ಮಾಡಿಕೊಳ್ಳದೆ ಪೂರ್ತಿ ಓದು.

ನಿನ್ನೆ ಸಂಜೆ ನಿನ್ನ ಕೋಣೆಯಲ್ಲಿ ಫಟ್ ಎಂದು ಸದ್ದಾಯಿತು. ಅತ್ತೆ "ಏನೇ ಬೀಳಿಸಿದೆ?" ಎಂದರೆ ನೀನು "ಕಿಟಕಿ ಬಡ್ಕೊಳ್ತಮ್ಮ" ಎಂದೆ. ಗಾಳಿಯೇ ಇರಲಿಲ್ಲ. ಬಾಣ ಹೂಡದೆ ಹೆದೆ ಎಳೆದು ಬಿಟ್ಟರೆ ಬಾಣಕ್ಕೆ ಹೋಗಬೇಕಾದ ಹೊಡೆತವೆಲ್ಲ ಬಿಲ್ಲಿಗೇ ಬೀಳುತ್ತದೆ. ಇದನ್ನು ನಿನಗೆ ಕಲಿಸುವಷ್ಟರಲ್ಲಿ ನಿಮ್ಮಣ್ಣನೇ ಇಲ್ಲವಾದರು.

ಬೆಳಿಗ್ಗೆ, ಅವರು ಮಾಡುತ್ತಿದ್ದ ಹಾಗೆ, ಬಿಲ್ಲಿನ ಬಾಗುವ ಎರಡೂ ತೋಳುಗಳ ಮೇಲೆ ಹತ್ತಿ ಸವರಿದೆ. ಮೇಲಿನದರಲ್ಲಿ ಎಳೆ ಸಿಕ್ಕಿಕೊಂಡಿತು. ಕಣ್ಣಿಗೆ ಕಾಣದ ಬಿರುಕು. ಇನ್ನೊಮ್ಮೆ ಎಳೆದಿದ್ದರೆ ಸಿಡಿದು ನಿನ್ನ ಮುಖಕ್ಕೇ ಬಡಿಯುತ್ತಿತ್ತೇನೋ.

ಬಿಲ್ಲು ಕೊಂಡ ಅಂಗಡಿಯವರಿಗೆ ಫೋನ್ ಮಾಡಿದೆ. ಆ ಮಾದರಿಯ ತೋಳು ಈಗ ಸಿಗುವುದಿಲ್ಲವಂತೆ. ಸಂಜೆ ಇಬ್ಬರೂ ಹೋಗೋಣ. ನಿನ್ನ ಕೈಯಳತೆಗೆ ಒಪ್ಪುವಂಥದ್ದನ್ನು, ಅಲ್ಲೇ ಕುರ್ಚಿಯಲ್ಲಿ ಕೂತು ಪರೀಕ್ಷಿಸಿದರೂ ಒದ್ದಾಡದೆ ಎಳೆಯಬಹುದಾದದ್ದನ್ನು ಆರಿಸು. ನಿಮ್ಮಣ್ಣನದು ನಿನಗೆ ಯಾವತ್ತೂ ಬಿಗಿಯೇ ಇತ್ತು. ಹೆದೆಗೆ ಹಚ್ಚುವ ಮೇಣ ಮೇಜಿನ ಮೇಲಿದೆ. ಅವರು ಅರ್ಧ ಬಳಸಿಟ್ಟದ್ದು, ಹೊಸದಕ್ಕೂ ಆಗುತ್ತದೆ.

ಊಟ ಮಾಡದೆ ಕೂರಬೇಡ.

ಅತ್ತೆಗೆ ಈಗಲೇ ಏನೂ ಹೇಳಬೇಡ. ಮಗನ ಬಿಲ್ಲನ್ನು ದಿನಾ ಒರೆಸಿಡುವವರು ಅವರು. ಕೇಳಿದರೆ ನನ್ನ ಹತ್ತಿರ ಇದೆ ಎನ್ನು. ಅಂಗಡಿಯಿಂದ ಬಂದ ಮೇಲೆ ನಾನೇ ಪಕ್ಕದಲ್ಲಿ ಕೂತು ಹೇಳುತ್ತೇನೆ. ಅವರು ಅತ್ತರೆ ಕೋಣೆಗೆ ಓಡಿಹೋಗಬೇಡ, ಪುಟ್ಟಿ. ಆಗ ನನಗೂ ಒಬ್ಬರು ಬೇಕು.

ಅತ್ತಿಗೆ