ಚಿಕ್ಕ ಡ್ರಮ್ಮಿನ ಸ್ಕ್ರೂಗಳು

ಮಾರ್ಚ್ 2, ಭಾನುವಾರ

ವಿನೆಗರ್ ವಾಸನೆ ಮನೆಯೆಲ್ಲ. ಕಿಟಕಿ ತೆರೆದಿಟ್ಟರೂ ಹೋಗುತ್ತಿಲ್ಲ. ಲೋಟದಲ್ಲಿ ಸ್ಕ್ರೂಗಳು ನೆನೆಯುತ್ತಿವೆ. ಡ್ರಮ್ಮಿನ ಸುತ್ತಲಿನ ಬಳೆಯನ್ನು ಬಿಗಿಯುವ, ಬೆರಳುದ್ದದ ಸ್ಕ್ರೂಗಳು. ಬಚ್ಚಲ ಮೇಲಿನ ಅಟ್ಟದಲ್ಲಿ ಇಟ್ಟಿದ್ದೇ ತಪ್ಪು. ಇಷ್ಟು ವರ್ಷ ಸ್ನಾನದ ಹಬೆ ಕುಡಿದು ಕುಡಿದು ಪೂರ್ತಿ ಕಂದು. ಬಿಚ್ಚುವಾಗ ಕಿರ್ರೆಂದ ಸದ್ದಿಗೆ ಹಲ್ಲು ಜುಮ್ಮೆಂದಿತು.

ಎಲ್ಲ ನಿನ್ನೆಯ ಫೋನಿನಿಂದ. ಗಿಟಾರ್ ಮಾಡಿದ್ದ. ಬ್ಯಾಂಡಿನಲ್ಲಿ ನಾವು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದವರೇ ಅಲ್ಲ. ನುಡಿಸುವುದೇ ಹೆಸರು.

"ಏನೇ ಡ್ರಮ್ಮು, ಬದುಕಿದ್ದೀಯಾ?"

"ಇನ್ನೂ ಇದ್ದೀನಿ ಕಣೋ."

"ನಿನ್ನ ಆ ಚಿಕ್ಕ ಡ್ರಮ್ ಇದೆಯೇನೇ? ಇಪ್ಪತ್ತೆರಡಕ್ಕೆ ಟೌನ್‌ಹಾಲ್‌ನಲ್ಲಿ ಪ್ರೋಗ್ರಾಮ್. ಎಲ್ಲ ನಮ್ಮ ಹಳೇ ಹಾಡುಗಳು. ರೆಡಿ ಮಾಡಿಡು."

ಕೀಬೋರ್ಡಿನ ಒಳಗೇ ಡ್ರಮ್ಮಿನ ಸದ್ದು ಬರುತ್ತೆ, ನೀನಿನ್ನು ಬರೋದು ಬೇಡ ಎಂದು ಆಗ ಹೇಳಿದವನೂ ಇವನೇ. ನೆನಪಿಸಲಿಲ್ಲ. ಆಯ್ತು ಎಂದೆ. ಫೋನಿಟ್ಟ ಮೇಲೆ ಇನ್ನೊಮ್ಮೆ ಆಯ್ತು ಎಂದೆ — ಗೋಡೆಗೆ.

ಮಾರ್ಚ್ 3, ಸೋಮವಾರ, ಸಂಜೆ

ಎಡವಟ್ಟು. ಬೆಳಿಗ್ಗೆ ಸ್ಕ್ರೂಗಳನ್ನು ತೊಳೆದು, ಪೇಪರ್ ಮೇಲೆ ಹರಡಿ ಕೆಲಸಕ್ಕೆ ಹೋದೆ. ಔಷಧಿ ಅಂಗಡಿಯಲ್ಲಿ ದಿನವಿಡೀ ಬಿಲ್ ಹೊಡೆದು ಬಂದು ನೋಡಿದರೆ ಮತ್ತೆ ಕಿತ್ತಳೆ ಬಣ್ಣ! ಹುಳಿ ಪೂರ್ತಿ ಹೋಗಿರಲಿಲ್ಲ, ನೀರೂ ಆರಿರಲಿಲ್ಲ. ತುಕ್ಕಿಗೆ ಅಷ್ಟು ಸಾಕಂತೆ.

ಮತ್ತೆ ಮೊದಲಿಂದ. ಈ ಸಲ ಹಳೇ ಟೂತ್‌ಬ್ರಷ್ಷಿನಲ್ಲಿ ಒಂದೊಂದೇ ಉಜ್ಜಿ, ಅಡುಗೆ ಸೋಡಾ ಕಲಸಿದ ನೀರಲ್ಲಿ ಅದ್ದಿ, ಒರೆಸಿ, ತಕ್ಷಣ ಡ್ರೈಯರ್ ಹಿಡಿದೆ. ನನ್ನ ಕೂದಲಿಗೂ ಇಷ್ಟು ಉಪಚಾರ ಮಾಡಿದವಳಲ್ಲ.

ಕೆಳಗಿನ ಇಸ್ತ್ರಿ ಅಂಗಡಿಯವಳು ಮೆಟ್ಟಿಲ ಹತ್ತಿರ ತಡೆದಳು. "ಅಕ್ಕಾ, ಏನು ಮಾಡ್ತಿದ್ದೀರಿ? ಬಟ್ಟೆಗೆಲ್ಲ ಹುಳಿ ವಾಸನೆ ಹಿಡೀತಿದೆ."

"ಸ್ಕ್ರೂ ನೆನೆಹಾಕಿದ್ದೆ."

"ಆಮೇಲೆ ಎಷ್ಟು ವಿಷಲ್ ಕೂಗಿಸ್ತೀರಿ?"

ನಕ್ಕೆ. ಅಭ್ಯಾಸ ತಪ್ಪಿದೆ, ನಗು ಕೆಮ್ಮಾಯಿತು.

ಮಾರ್ಚ್ 6, ಗುರುವಾರ

ಅಲ್ಯೂಮಿನಿಯಂ ಫಾಯಿಲನ್ನು ಉಂಡೆ ಮಾಡಿ, ಒದ್ದೆ ಮಾಡಿ ಉಜ್ಜಿದರೆ ಕಪ್ಪು ಕೊಳೆ ಬಿಡುತ್ತದೆ. ಒರೆಸಿದರೆ ಅಡಿಯಲ್ಲಿ ಬೆಳ್ಳಿ! ಆಮೇಲೆ ಪಾಲಿಶ್, ಹತ್ತಿಬಟ್ಟೆ, ಕೊನೆಗೆ ತೆಳ್ಳಗೆ ಎಣ್ಣೆ. ಎರಡಕ್ಕೆ ಗುಳಿ ಬಿದ್ದಿದೆ. ಅದು ಯಾವ ಪಾಲಿಶ್‌ಗೂ ತುಂಬುವುದಿಲ್ಲ. ಇರಲಿ, ಹಿಂಬದಿಗೆ ಹಾಕಿದರಾಯಿತು.

ಉಗುರಸಂದಿ ಕಪ್ಪು. ಮಾತ್ರೆ ಎಣಿಸುವಾಗ ಗಿರಾಕಿಯೊಬ್ಬರು ನನ್ನ ಕೈಯನ್ನೇ ನೋಡಿದರು. ನೋಡಲಿ.

ದಿಂಬಿನ ಮೇಲೆ ಅಭ್ಯಾಸ. ಮಣಿಕಟ್ಟು ಮಾತು ಕೇಳುತ್ತಿಲ್ಲ. ಎಡಗೈ ಬಲಗೈಗಿಂತ ಸೋಮಾರಿ — ಆಗಲೂ ಹಾಗೇ ಇತ್ತು.

ಮಾರ್ಚ್ 15, ಶನಿವಾರ

ಜೋಡಿಸಿದೆ. ಹೊಸ ಚರ್ಮ, ಹಳೇ ಬಳೆ, ಸುತ್ತ ಮಿರಮಿರ ಮಿಂಚುವ ಸ್ಕ್ರೂಗಳು. ಎದುರುಬದುರಿನವನ್ನು ಸ್ವಲ್ಪ ಸ್ವಲ್ಪವೇ ಬಿಗಿದೆ. ಬೆರಳಲ್ಲಿ ಒಮ್ಮೆ ತಟ್ಟಿದೆ. ಇಡೀ ರೂಮು ತಿರುಗಿ ನೋಡಿದಂತಾಯಿತು.

ಕಪ್ಪು ಶರ್ಟ್ ಕೊಂಡೆ. ಸ್ಟೇಜ್ ಮೇಲೆ ನಾವೆಲ್ಲ ಕಪ್ಪೇ ಹಾಕುತ್ತಿದ್ದೆವು. ರಿಹರ್ಸಲ್ ಯಾವಾಗ ಎಂದು ಗಿಟಾರ್ ಇನ್ನೂ ಹೇಳಿಲ್ಲ. ನಾನೇ ಕೇಳಿದರೆ ಆತುರ ಎಂದುಕೊಂಡಾನು.

ಮಾರ್ಚ್ 20, ಗುರುವಾರ

ಗಿಟಾರ್ ಬಂದಿದ್ದ. ಕೂದಲೆಲ್ಲ ಹೋಗಿದೆ. ಜೊತೆಗೆ ಎತ್ತರದ ಗಂಡಸು. ಟೀ ಮಾಡಿದೆ. ಮನೆಯಲ್ಲಿ ಎರಡೇ ಕಪ್ಪು, ನಾನು ಲೋಟದಲ್ಲಿ ಕುಡಿದೆ.

"ರಿಹರ್ಸಲ್ ಯಾವಾಗಿಂದ ಕಣೋ?" ಎಂದೆ.

ಅವನ ಟೀ ಕಪ್ಪು ಬಾಯಿಯ ಹತ್ತಿರವೇ ನಿಂತಿತು. "ರಿಹರ್ಸಲ್... ನಡೀತಿದೆ. ಇವರು ನಮ್ಮ ಅಳಿಯಂದಿರು. ಇವರೇ ನುಡಿಸ್ತಿರೋದು. ನಿನ್ನ ಡ್ರಮ್ ಸಿಕ್ಕಿದ್ರೆ ಸೌಂಡ್ ಹಳೇದರ ಥರಾನೇ ಬರುತ್ತೆ ಅಂತ... ಫೋನಲ್ಲಿ ಹೇಳಿದ್ದೆನಲ್ಲೇ?"

"ಹೇಳಿದ್ದೆ, ಹೇಳಿದ್ದೆ."

ಅಳಿಯಂದಿರು ಡ್ರಮ್ ತಿರುಗಿಸಿ ನೋಡಿದರು. "ಆಂಟಿ, ಸ್ಕ್ರೂ ಎಲ್ಲ ಹೊಸದು ಹಾಕಿಸಿದ್ದೀರಾ?"

"ಹೂಂ. ಹೊಸದು."

ಕೊಟ್ಟು ಕಳಿಸಿದೆ. ಕೆಳಗೆ ಕಾರಿನ ಬಾಗಿಲು ಹಾಕಿದ ಸದ್ದು. ಕಪ್ಪುಗಳನ್ನು ತೊಳೆದೆ. ತೊಳೆದಿದ್ದನ್ನೇ ಮತ್ತೆ ತೊಳೆದೆ.

ಮಾರ್ಚ್ 21, ಶುಕ್ರವಾರ

ಬರೆಯುವಂಥದ್ದೇನೂ ಇಲ್ಲ.

ಮಾರ್ಚ್ 22, ಶನಿವಾರ

ಹೋಗಬಾರದು ಎಂದುಕೊಂಡೇ ಹೋದೆ. ಕಪ್ಪು ಶರ್ಟ್ ಹಾಕಿಕೊಂಡು. ಹಿಂದಿನ ಸಾಲು, ಕಂಬದ ಪಕ್ಕ. ಲೈಟು ಬಿದ್ದಾಗ ಸ್ಕ್ರೂಗಳು ಫಳ್ ಎನ್ನುತ್ತಿದ್ದವು. ಅಷ್ಟು ದೂರಕ್ಕೂ ಕಂಡಿತು. ಪಕ್ಕದಲ್ಲಿದ್ದ ಹೆಂಗಸಿಗೆ, ಅದು ನಂದು ನೋಡಿ ಅನ್ನೋಣ ಎನಿಸಿತು.

ಅಳಿಯಂದಿರು ಚೆನ್ನಾಗಿ ನುಡಿಸಿದರು. ನನಗಿಂತ ಚೆನ್ನಾಗಿ. ಕೆಟ್ಟದಾಗಿ ನುಡಿಸಿದ್ದರೆ ಮನೆಗೆ ಹೋಗಿ ಸುಖವಾಗಿ ಬೈದುಕೊಳ್ಳಬಹುದಿತ್ತು.

ಮುಗಿದ ಮೇಲೆ ಸ್ಟೇಜ್ ಹಿಂದಕ್ಕೆ ಹೋದೆ. ಗಿಟಾರ್ ಖುಷಿಯಲ್ಲಿದ್ದ.

"ಬಂದಿದ್ಯಾ! ನೋಡು, ಡ್ರಮ್ ಇವರ ಹತ್ರಾನೇ ಇರಲಿ ಬಿಡೇ. ನಿನ್ನ ಮನೇಲಿ ಅದಕ್ಕೇನು ಕೆಲಸ?"

"ಇಲ್ಲ. ನನಗೆ ಬೇಕು."

"ಏನು ಮಾಡ್ತೀಯ ಇಟ್ಕೊಂಡು?"

"ಬಾರಿಸ್ತೀನಿ."

"ಯಾರಿಗೆ?"

"ಕೊಡೋ," ಎಂದೆ. ದನಿ ಜೋರಾಯಿತೇನೋ, ವೈರ್ ಸುತ್ತುತ್ತಿದ್ದವರು ತಿರುಗಿ ನೋಡಿದರು. ಅಳಿಯಂದಿರೇ ಸ್ಟ್ಯಾಂಡಿನಿಂದ ಬಿಚ್ಚಿ ತಂದು ಕೈಗಿಟ್ಟರು. ಸಾರಿ ಆಂಟಿ ಎಂದರು. ಒಳ್ಳೆಯವರೇ.

ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಬಂದೆ. ರಸ್ತೆ ಕುಲುಕಿದಾಗಲೆಲ್ಲ ಒಳಗಿಂದ ಸಣ್ಣಗೆ ಗುಂಯ್ ಎನ್ನುತ್ತಿತ್ತು.

ಮಾರ್ಚ್ 23, ಭಾನುವಾರ, ಮಧ್ಯಾಹ್ನ

ಇಳಿದು ಹೋಗಿ ಇಸ್ತ್ರಿಯವಳನ್ನು ಕೇಳಿದೆ. "ಸ್ವಲ್ಪ ಹೊತ್ತು ಸದ್ದು ಮಾಡ್ತೀನಿ. ತೊಂದರೆ ಆಗುತ್ತಾ?"

"ಬೆಳಗಿಂದ ಹಾರ್ನ್ ಕೇಳಿ ಕೇಳಿ ಕಿವಿ ತೂತಾಗಿದೆ. ನಿಮ್ಮದೊಂದು ಹೆಚ್ಚೇನಕ್ಕ? ಮಾಡ್ಕೊಳ್ಳಿ." ತಲೆ ಎತ್ತದೆ ಅಂದಳು, ಕಾಲರ್ ತೀಡುತ್ತ.

ಬಾಗಿಲು ಹಾಕಿದೆ. ಕುರ್ಚಿ ಎಳೆದುಕೊಂಡೆ. ಮೊದಲ ಹಾಡಿನಿಂದ ಶುರು. ಮೂರನೇ ಸುತ್ತಿಗೆ ಎಡಗೈ ತಪ್ಪಿತು. ಹಾಡುವವರಿಲ್ಲ, ತಿರುಗಿ ನೋಡುವವರೂ ಇಲ್ಲ. ಡ್ರಮ್ಮು ಒಂದೇ ಆದರೆ ಹಾಡಿನ ಅಸ್ಥಿಪಂಜರದ ಹಾಗೆ ಕೇಳಿಸುತ್ತದೆ. ಅಳು ಬಂತು. ಅಳುತ್ತಲೇ ಬಾರಿಸಿದೆ. ತಾಳ ತಪ್ಪಲಿಲ್ಲ — ಆಶ್ಚರ್ಯ.

ಬೆವರಿದ್ದೇನೆ. ಒಂದು ಸ್ಕ್ರೂ ಸಡಿಲವಾಗಿದೆ, ಬಿಗಿಯಬೇಕು. ಎರಡನೇ ಹಾಡು ನಡುವೆ ಎಲ್ಲಿ ನಿಲ್ಲುತ್ತಿತ್ತು... ಬರೆದರೆ ನೆನಪಾಗುವುದಿಲ್ಲ. ಕೈಗೇ ಗೊತ್ತಿರಬೇಕು, ಮತ್ತೆ ಮೊದಲಿಂದ —